ಘಟ್ಟದ ಹೆದ್ದಾರಿಗಳು ದಿಕ್ಕು ಬದಲಿಸಿದ ಬಗೆ

ಕನ್ನಡ ನಾಡಿಗೆ ಪಡುವಲಲ್ಲಿ ಕಡಲು, ಮೂಡಲಲ್ಲಿ ಬಯಲು. ಇವೆರಡರ ನಡುವೆ ಗೋಡೆಯಂತೆ ನಿಂತಿರುವುದು ಸಹ್ಯಾದ್ರಿ. ಬಯಲಿನವರಿಗೆ ಉಪ್ಪು ಬೇಕು. ಕರಾವಳಿಯವರಿಗೆ ಕಾಳು ಬಟ್ಟೆಗಳು ಬೇಕು. ಅರಸರಿಗೆ ಕುದುರೆ ಬೇಕು. ಕಡಲಾಚೆಯ ವರ್ತಕರಿಗೆ ಮೆಣಸು ಹತ್ತಿಗಳು ಬೇಕು. ಈ ಬೇಕುಗಳೆಲ್ಲವೂ ಕೂಡಿ ಆ ಗೋಡೆಯಲ್ಲಿ ಅಲ್ಲಲ್ಲಿ ಕಂಡಿಗಳನ್ನು ಕೊರೆದುವು. ಅವೇ ಘಟ್ಟದ ದಾರಿಗಳು. ದೇವಿಮನೆ, ಅರಬೈಲು, ಗೇರುಸೊಪ್ಪೆ, ಕೊಲ್ಲೂರು, ಹೊಸಂಗಡಿ, ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆ ಎಂಬ ಹೆಸರುಗಳು ಇಂದಿಗೂ ಪ್ರಯಾಣಿಕರ ಬಾಯಲ್ಲಿ ಬಳಕೆಯಲ್ಲಿರುವುವು.

ಬೆಟ್ಟಗಳು ಅಲುಗಲಿಲ್ಲ, ಬಂದರುಗಳು ಇದ್ದಲ್ಲಿಯೇ ಇದ್ದುವು. ಆದರೂ ನಾಡಿನ ಹೆದ್ದಾರಿಯು ಒಂದೇ ಕಂಡಿಯಲ್ಲಿ ನಿಲ್ಲಲಿಲ್ಲ. ಒಂದು ಕಾಲದಲ್ಲಿ ಸಾವಿರಾರು ಎತ್ತುಗಳು ನಡೆದ ದಾರಿಯಲ್ಲಿ ಮುಂದಿನ ಕಾಲಕ್ಕೆ ಹುಲ್ಲು ಬೆಳೆಯಿತು, ಕಾಡುದಾರಿಯೊಂದು ರಾಜಮಾರ್ಗವಾಯಿತು. ಇದರ ಕಾರಣವನ್ನು ವಿಚಾರಿಸಿದರೆ ಒಂದು ಸಂಗತಿಯು ತಿಳಿದುಬರುತ್ತದೆ: ದಾರಿಯು ನೆಲದ ಗುಣದಿಂದ ಹುಟ್ಟುವುದು ನಿಜ, ಆದರೆ ಅದು ಬಾಳುವುದು ತನ್ನ ತುದಿಯಲ್ಲಿರುವ ಊರಿನ ಬಲದಿಂದ. ತುದಿಯ ಊರು ಕುಗ್ಗಿದರೆ ದಾರಿಯೂ ಕುಗ್ಗುವುದು. ದಾರಿ ಸರಿದರೆ ಅದರ ಮಗ್ಗುಲಿನ ಊರುಗಳೂ ಬಡವಾಗುವುವು. ಜಂಗಮವೆಂದರೆ ಚಲಿಸುವುದು ಎಂದರ್ಥವಷ್ಟೆ. ಚರಮೂರ್ತಿಗಳ ಸಂಚಾರವನ್ನು ಆಧರಿಸಿ ಬೆಳೆದ ಮಠಗಳ ಭಕ್ತರಿಗೆ ಈ ದಾರಿಗಳ ಚರಿತ್ರೆಯು ಹೊರಗಿನ ವಿಷಯವಲ್ಲ.

ಶಾಸನಗಳಲ್ಲಿ ಹೆದ್ದಾರಿ

ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂದು ಹೆಸರು. ದೊಡ್ಡ ದಾರಿಯು ‘ಪೆರ್ವಟ್ಟೆ’, ಮುಂದೆ ‘ಹೆಬ್ಬಟ್ಟೆ’. ಭೂದಾನದ ಶಾಸನಗಳಲ್ಲಿ ಹೊಲದ ಎಲ್ಲೆಯನ್ನು ಹೇಳುವಾಗ, ಇಂಥ ಕೆರೆಯಿಂದ ತೆಂಕಲು, ಇಂಥ ಹೆಬ್ಬಟ್ಟೆಯಿಂದ ಪಡುವಲು ಎಂದು ಗುರುತಿಸುವ ವಾಡಿಕೆಯಿದ್ದಿತು. ಸೂರ್ಯಚಂದ್ರರಿರುವವರೆಗೆ ನಡೆಯಬೇಕಾದ ದಾನಕ್ಕೆ ದಾರಿಯನ್ನು ಗಡಿಯಾಗಿ ಬರೆಯಿಸಿದವರು ಆ ದಾರಿಯೂ ಅಷ್ಟು ಕಾಲವೇ ಇರುವುದೆಂದು ನಂಬಿದ್ದರೆಂದು ತೋರುತ್ತದೆ. ಶಾಸನದ ಕಲ್ಲುಗಳು ಉಳಿದಿವೆ. ಅವು ಹೇಳುವ ದಾರಿಗಳಲ್ಲಿ ಎಷ್ಟೋ ಈಗ ಹೊಲದ ಬದುವಾಗಿ, ಹಳ್ಳವಾಗಿ ಹೋಗಿವೆ.

ದಾರಿಯ ಮೇಲೆ ಹೋಗುವ ಸರಕಿಗೆ ಸುಂಕವಿದ್ದಿತು. ಅದರಲ್ಲಿ ದೊಡ್ಡ ಸುಂಕವೇ ‘ಹೆಜ್ಜುಂಕ’. ಐಹೊಳೆಯ ಐನೂರ್ವರೆಂಬ ಹೆಸರಿನ ವರ್ತಕ ಸಮೂಹವು ಹೇರೆತ್ತು ಕತ್ತೆಗಳ ಮೇಲೆ ಸರಕನ್ನು ಹೇರಿಕೊಂಡು ದಕ್ಷಿಣ ದೇಶವೆಲ್ಲವನ್ನೂ ಸಂಚರಿಸುತ್ತಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ನಾಡಿನ ತಲೆಯೂರಾಗಿದ್ದಾಗ ದಾರಿಗಳೆಲ್ಲವೂ ಅಲ್ಲಿಗೆ ಮುಖಮಾಡಿದ್ದುವು. ಶರಣರು ನಾನಾ ದಿಕ್ಕುಗಳಿಂದ ಕಲ್ಯಾಣಕ್ಕೆ ಬಂದು ಸೇರಿದುದು ಈ ದಾರಿಗಳಲ್ಲಿ ನಡೆದೇ. ಸುಂಕ ವಸೂಲಿಯ ಕಾಯಕವನ್ನು ಮಾಡುತ್ತಿದ್ದ ಸುಂಕದ ಬಂಕಣ್ಣನೂ ವಚನಕಾರನಾಗಿ ಶರಣರ ಸಾಲಿನಲ್ಲಿ ಸೇರಿದನು. ದಾರಿಯಲ್ಲಿ ನಿಂತು ದುಡಿಯುವವನಿಗೂ ಅನುಭಾವದ ಬಾಗಿಲು ತೆರೆದಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಬನವಾಸಿ ನಾಡಿನ ಬಳ್ಳಿಗಾವೆಯು ಅಂದಿನ ದೊಡ್ಡ ಪಟ್ಟಣಗಳಲ್ಲಿ ಒಂದು. ಅಲ್ಲಮಪ್ರಭುವಿನ ಹೆಸರಿನೊಡನೆ ಕೂಡಿಕೊಂಡಿರುವ ಊರು. ಅಲ್ಲಿ ಕಾಳಾಮುಖ ಶೈವರ ಕೋಡಿಯ ಮಠವೆಂಬ ದೊಡ್ಡ ಸಂಸ್ಥೆಯಿದ್ದಿತು. ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ಬಣ್ಣಿಸುವಾಗ, ಅದು ವಿದ್ಯೆಯ ನೆಲೆಯಾಗಿದ್ದುದನ್ನು ಹೇಳಿ, ದೀನರಿಗೂ ಅನಾಥರಿಗೂ ಕುಂಟರು ಕುರುಡರಿಗೂ ಅನ್ನವಿಡುತ್ತಿದ್ದುದನ್ನು, ರೋಗಿಗಳಿಗೆ ಮದ್ದು ಕೊಡುತ್ತಿದ್ದುದನ್ನು ಎಣಿಸಿ ಹೇಳುತ್ತದೆ. ಅರವಟ್ಟಿಗೆಗೂ ಸತ್ರಕ್ಕೂ ಭೂಮಿ ಬಿಟ್ಟ ಶಾಸನಗಳೂ ನಾಡಿನಲ್ಲಿ ಹಲವಿರುವುವು. ದಾರಿಯನ್ನು ಕಾಯುವುದು ಅರಸನ ಕೆಲಸವೆಂದೂ, ದಾರಿಯವನನ್ನು ಕಾಯುವುದು ಧರ್ಮದ ಕೆಲಸವೆಂದೂ ಅಂದಿನವರು ಭಾವಿಸಿದ್ದರೆಂದು ಇದರಿಂದ ಊಹಿಸಬಹುದು.

ಭಟ್ಕಳದ ದಾರಿ

ಕ್ರಿ. ಶ. ೧೩೩೬ರ ಸುಮಾರಿಗೆ ತುಂಗಭದ್ರೆಯ ದಡದಲ್ಲಿ ವಿಜಯನಗರವು ತಲೆಯೆತ್ತಿದ ಮೇಲೆ ಹೆದ್ದಾರಿಗಳ ಮುಖವು ಅತ್ತ ತಿರುಗಿತು. ಆ ಸಾಮ್ರಾಜ್ಯದ ಬಲವು ಬಹುಮಟ್ಟಿಗೆ ಕುದುರೆಯ ದಂಡಿನಲ್ಲಿದ್ದಿತು. ಒಳ್ಳೆಯ ಕುದುರೆಗಳಾದರೋ ಅರಬಸ್ಥಾನದಿಂದಲೂ ಪಾರಸಿಯಿಂದಲೂ ಕಡಲ ಮೇಲೆ ಬರಬೇಕು. ಅವು ಬಂದಿಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಭಟ್ಕಳವು ಒಂದು. ಕೃಷ್ಣದೇವರಾಯನ ಕಾಲದಲ್ಲಿ, ಕ್ರಿ. ಶ. ೧೫೨೦ರ ಸುಮಾರಿಗೆ, ವಿಜಯನಗರವನ್ನು ಕಂಡ ದೊಮಿಂಗೋ ಪಾಯೆಸನೆಂಬ ಪೋರ್ತುಗೀಜನು ಭಟ್ಕಳದ ವ್ಯಾಪಾರವನ್ನೂ, ಅಲ್ಲಿಗೆ ವರ್ಷವರ್ಷವೂ ಸಾವಿರಾರು ಹೇರೆತ್ತುಗಳು ಬಂದುಹೋಗುತ್ತಿದ್ದುದನ್ನೂ ಬರೆದಿಟ್ಟಿರುವನು. ಘಟ್ಟದ ಕಲ್ಲುದಾರಿಯಲ್ಲಿ ಕೊರಳಗಂಟೆಯ ಸದ್ದು ಮುಂದಾಗಿ, ಒಂದರ ಹಿಂದೊಂದು ಎತ್ತುಗಳು ಸಾಲಾಗಿ ಏರುವ ಆ ಚಿತ್ರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬಂಡಿಗೆ ಅಲ್ಲಿ ಎಡೆಯಿರಲಿಲ್ಲ. ದಾರಿಯ ಅಗಲವೆಂದರೆ ಹೇರು ಹೊತ್ತ ಒಂದು ಎತ್ತಿನ ಅಗಲವಷ್ಟೆ.

ಕ್ರಿ. ಶ. ೧೫೬೫ರ ಯುದ್ಧದಲ್ಲಿ ವಿಜಯನಗರವು ಹಾಳಾಯಿತು. ಅರಮನೆ ಅಂಗಡಿಗಳು ಬೂದಿಯಾದಮೇಲೆ ಕುದುರೆಯನ್ನು ಕೊಳ್ಳುವವರಾರು? ಘಟ್ಟವು ಹಾಗೆಯೇ ಇದ್ದಿತು, ಬಂದರೂ ಇದ್ದಿತು. ದಾರಿಯ ತುದಿಯಲ್ಲಿದ್ದ ಪಟ್ಟಣವು ಮಾತ್ರ ಇರಲಿಲ್ಲ. ಭಟ್ಕಳದ ಹಿರಿಮೆಯು ಕ್ರಮೇಣ ಕುಗ್ಗಿತು. ದಾರಿಯು ತುದಿಯ ಊರಿನಿಂದ ಬಾಳುವುದೆಂಬ ಮಾತಿಗೆ ಇದು ಮೊದಲನೆಯ ನಿದರ್ಶನ.

ಗೇರುಸೊಪ್ಪೆಯಿಂದ ಇಕ್ಕೇರಿಗೆ

ವಿಜಯನಗರದ ಅಧೀನದಲ್ಲಿ ಬೆಳೆದು ಅದರ ಪತನಾನಂತರ ಸ್ವತಂತ್ರರಾದ ಕೆಳದಿಯ ನಾಯಕರು ವೀರಶೈವ ಧರ್ಮಾವಲಂಬಿಗಳು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅನೇಕ ಮಹತ್ತಿನ ಮಠಗಳನ್ನು ಕಟ್ಟಿಸಿ ಉಂಬಳಿ ಬಿಟ್ಟವರು. ಅವರ ರಾಜ್ಯವು ಘಟ್ಟದ ಮೇಲೂ ಕೆಳಗೂ ಹಬ್ಬಿದ್ದುದರಿಂದ ಘಟ್ಟದ ದಾರಿಯೇ ಆ ರಾಜ್ಯದ ನರವಾಗಿದ್ದಿತು. ಅವರ ರಾಜಧಾನಿಯು ಎರಡು ಸಲ ಸ್ಥಳಾಂತರ ಹೊಂದಿತು: ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ. ಈ ಎರಡನೆಯ ಸ್ಥಳಾಂತರವು ಹೆದ್ದಾರಿಯ ದಿಕ್ಕನ್ನೇ ಬದಲಿಸಿತು.

ಇಕ್ಕೇರಿಯು ರಾಜಧಾನಿಯಾಗಿದ್ದಾಗ ಕಡಲಿನ ದಾರಿಯು ಹೊನ್ನಾವರದ ಮೇಲೆ ಹೋಗುತ್ತಿದ್ದಿತು. ಕ್ರಿ. ಶ. ೧೬೨೩ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ರೋಮಾಪುರಿಯ ಯಾತ್ರಿಕನು ಪೋರ್ತುಗೀಜರ ರಾಯಭಾರಿಯೊಡನೆ ಈ ದಾರಿಯಲ್ಲಿ ಬಂದನು. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಯವರೆಗೆ ಬಂದು, ಅಲ್ಲಿಂದ ಘಟ್ಟವನ್ನು ಹತ್ತಿ, ಇಕ್ಕೇರಿಗೆ ಹೋಗಿ ವೆಂಕಟಪ್ಪನಾಯಕನ ದರ್ಶನವನ್ನು ಪಡೆದನು. ಇಕ್ಕೇರಿಯಲ್ಲಿ ಜಂಗಮರಿಗೆ ಜನರು ತೋರುತ್ತಿದ್ದ ಭಕ್ತಿಯನ್ನು ಕಂಡು ಆ ಪರದೇಶೀಯನು ಬೆರಗಿನಿಂದ ಬರೆದಿರುವನು.

ಆತನ ಬರವಣಿಗೆಯಲ್ಲಿ ಮನಸ್ಸನ್ನು ತಟ್ಟುವ ಇನ್ನೊಂದು ಮಾತುಂಟು. ಗೇರುಸೊಪ್ಪೆಯು ಹಿಂದೆ ರಾಜಧಾನಿಯಾಗಿ ಮೆರೆದ ಊರು. ಮೆಣಸಿನ ವ್ಯಾಪಾರಕ್ಕೆ ಹೆಸರಾದ ಚೆನ್ನಭೈರಾದೇವಿಯು ಆಳಿದ ಊರು. ಆದರೆ ಯಾತ್ರಿಕನು ಬಂದಾಗ ಅಲ್ಲಿ ಅರಮನೆ ಬೀದಿಗಳ ಮೇಲೆ ಮರಗಳು ಬೆಳೆದು ಊರು ಕಾಡಾಗುತ್ತಿದ್ದಿತು. ವೆಂಕಟಪ್ಪನಾಯಕನು ಗೆದ್ದು ತನ್ನ ರಾಜ್ಯಕ್ಕೆ ಸೇರಿಸಿಕೊಂಡಮೇಲೆ ಅದು ತುದಿಯ ಊರಾಗಿ ಉಳಿಯದೆ ನಡುದಾರಿಯ ಒಂದು ತಂಗುದಾಣವಾಯಿತು. ಅಲ್ಲಿಯ ಚತುರ್ಮುಖ ಬಸದಿಯು ಕಾಡಿನ ನಡುವೆ ಈಗಲೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಆ ಕಟ್ಟಡಕ್ಕೆ ಒಂದು ದಿಕ್ಕಿನಿಂದಲೂ ಹೆದ್ದಾರಿ ಬಾರದಾಯಿತು.

ಬಿದನೂರು ಮತ್ತು ಹೊಸಂಗಡಿಯ ಘಟ್ಟ

ಕ್ರಿ. ಶ. ೧೬೩೭ರ ಸುಮಾರಿಗೆ ಬಿಜಾಪುರದ ದಂಡು ಇಕ್ಕೇರಿಯ ಮೇಲೆ ಬಿದ್ದಿತು. ಬಯಲಿಗೆ ಸಮೀಪವಾದ ಇಕ್ಕೇರಿಯನ್ನು ಕಾಯುವುದು ಕಷ್ಟವೆಂದು ಕಂಡುಬಂದುದರಿಂದ ೧೬೩೯ರ ಸುಮಾರಿಗೆ ವೀರಭದ್ರನಾಯಕನು ರಾಜಧಾನಿಯನ್ನು ತೆಂಕಲಿಗೆ, ದಟ್ಟವಾದ ಮಲೆಗಳ ನಡುವಿನ ಬಿದನೂರಿಗೆ ಸಾಗಿಸಿದನು. ಬಿದಿರಿನಿಂದ ಹೆಸರು ಪಡೆದ, ಸಂಸ್ಕೃತದಲ್ಲಿ ವೇಣುಪುರವೆನಿಸಿದ ಆ ಹಳ್ಳಿಯು ಅಲ್ಪಕಾಲದಲ್ಲಿಯೇ ದೊಡ್ಡ ಪಟ್ಟಣವಾಯಿತು.

ಬಿದನೂರಿನಿಂದ ಕಡಲಿಗೆ ಹತ್ತಿರವಾದ ಕಂಡಿಯು ಗೇರುಸೊಪ್ಪೆಯಲ್ಲ, ಹೊಸಂಗಡಿಯ ಘಟ್ಟ. ಅದರ ಕೆಳಗೆ ಬಸರೂರು ಕುಂದಾಪುರಗಳು. ಬಸರೂರು ಅಕ್ಕಿಯ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರುವಾಸಿ. ಶಿವಪ್ಪನಾಯಕನು ೧೬೫೨ರಿಂದ ೧೬೫೪ರವರೆಗೆ ಬಸರೂರು, ಮಂಗಳೂರು, ಹೊನ್ನಾವರಗಳಲ್ಲಿ ಪೋರ್ತುಗೀಜರ ಕೋಟೆಗಳನ್ನು ಹಿಡಿದಮೇಲೆ ಘಟ್ಟದ ಮೇಲಿನ ಊರೂ ಕೆಳಗಿನ ಬಂದರೂ ಒಂದೇ ಕೈಗೆ ಬಂದುವು. ಅಕ್ಕಿ ಮೆಣಸು ಅಡಕೆಗಳು ಇಳಿದುವು. ಉಪ್ಪು, ಬಟ್ಟೆ, ಕುದುರೆಗಳು ಏರಿದುವು. ಇಕ್ಕೇರಿಯಲ್ಲಿ ಅಘೋರೇಶ್ವರನ ದೊಡ್ಡ ಕಲ್ಲುಗುಡಿ ಉಳಿಯಿತು, ಪೇಟೆ ಕರಗಿತು.

ಆದರೆ ಸರಕನ್ನು ತರುವ ದಾರಿಯು ಶತ್ರುವನ್ನೂ ತರಬಲ್ಲುದು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಊರಿಗೆ ಹೈದರನಗರವೆಂದು ಹೆಸರಾಯಿತು. ಅದೇ ಮೊಟಕಾಗಿ ಇಂದಿನ ನಗರ. ಘಟ್ಟಕ್ಕೂ ಹೈದರನ ಹೆಸರೇ ಬಂದಿತು. ೧೭೮೩ರ ಮೊದಲಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಕಡಲ ಕಡೆಯಿಂದ ಈ ಘಟ್ಟವನ್ನೇ ಹತ್ತಿಬಂದು ನಗರವನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಟೀಪೂ ಸುಲ್ತಾನನು ಮುತ್ತಿಗೆ ಹಾಕಿ ಹಿಂದಕ್ಕೆ ಪಡೆದನು. ಈ ಯುದ್ಧಗಳಿಂದ ಪಟ್ಟಣವು ಸುಧಾರಿಸಿಕೊಳ್ಳಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸೀಮೆಗೆ ‘ನಗರ’ ಎಂಬ ಹೆಸರು ಉಳಿದಿದ್ದರೂ ಅಧಿಕಾರವು ಶಿವಮೊಗ್ಗೆಗೆ ಹೋಯಿತು. ಶತಮಾನದ ಕೊನೆಗೆ ತಾಲ್ಲೂಕಿನ ಕಚೇರಿಯೂ ಕಲ್ಲೂರುಕಟ್ಟೆಗೆ ಸಾಗಿ, ಆ ಊರು ಹೊಸನಗರವೆನಿಸಿತು. ಹೀಗೆ ಹೆಸರು ಒಂದು ಕಡೆ, ಹಳೆಯ ಕೋಟೆ ಒಂದು ಕಡೆ, ದಾರಿ ಮತ್ತೊಂದು ಕಡೆ ಆದುವು.

ಬಂಡಿಯ ದಾರಿಗಳು

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಕನ್ನಡ ನಾಡು ಹಲವು ಆಳ್ವಿಕೆಗಳಲ್ಲಿ ಹಂಚಿಹೋಯಿತು. ಘಟ್ಟದ ಮೇಲಿನ ನಗರ ಸೀಮೆಯು ಮೈಸೂರು ಸಂಸ್ಥಾನದಲ್ಲಿ, ಕೆಳಗಿನ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯದಲ್ಲಿ ಸೇರಿದುವು. ಧಾರವಾಡ ಬೆಳಗಾವಿಗಳು ೧೮೧೮ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದಮೇಲೆ ಕಾಲಕ್ರಮದಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದುವು. ಒಬ್ಬನೇ ಅರಸನ ಕೈಯಲ್ಲಿದ್ದ ಘಟ್ಟದ ತಲೆಯೂ ಕಾಲೂ ಬೇರೆಬೇರೆ ಸರಕಾರಗಳ ಪಾಲಾದುವು. ಮೇಲಿನವರು ದಾರಿ ಕಟ್ಟಿದರೂ ಕೆಳಗಿನವರು ಕಟ್ಟದಿದ್ದರೆ ಬಂಡಿ ನಡೆಯಲಾರದು. ಆದುದರಿಂದ ಘಟ್ಟದ ರಸ್ತೆಯೊಂದು ಪೂರ್ತಿಯಾಗಬೇಕಾದರೆ ಕಲ್ಲು ಒಡೆಯುವುದಕ್ಕಿಂತ ಕಾಗದ ಪತ್ರಗಳೇ ಹೆಚ್ಚು ಓಡಾಡಬೇಕಾಗುತ್ತಿದ್ದಿತು.

ಮೈಸೂರಿನಲ್ಲಿ ೧೮೩೪ರಿಂದ ೧೮೬೧ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನರ ಆಡಳಿತದಲ್ಲಿ ಸುಮಾರು ೧,೬೦೦ ಮೈಲಿಗಳ ರಸ್ತೆಯು ಸಿದ್ಧವಾಯಿತು. ಮುನ್ನೂರಕ್ಕೂ ಹೆಚ್ಚು ಸೇತುವೆಗಳಾದುವು. ೧೮೫೬ರಲ್ಲಿ ಮರಾಮತ್ತು ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟಿತು. ಮಂಜರಾಬಾದು ಆಗುಂಬೆ ಮುಂತಾದ ಘಟ್ಟಗಳಲ್ಲಿ ಬಂಡಿ ಇಳಿಯುವಂತೆ ದಾರಿಗಳಾದುವು. ಬಂಡಿಯ ದಾರಿಯು ಎತ್ತಿನ ದಾರಿಯಂತಲ್ಲ. ಹೇರೆತ್ತು ಕಡಿದಾದ ಏರನ್ನು ನೆಟ್ಟಗೆ ಹತ್ತಬಲ್ಲುದು; ಬಂಡಿಗೆ ಇಳಿಜಾರು ಸೌಮ್ಯವಾಗಿರಬೇಕು. ಆದಕಾರಣ ಹೊಸ ರಸ್ತೆಯು ಹಳೆಯ ಕಾಲುದಾರಿಯನ್ನು ಬಿಟ್ಟು, ಬೆಟ್ಟದ ಮೈಯನ್ನು ಸುತ್ತಿ ಸುತ್ತಿ, ಹಾವಿನಂತೆ ತಿರುಗಿ ಇಳಿಯಿತು. ಹಳೆಯ ದಾರಿಯ ಕಟ್ಟೆ ಬಾವಿಗಳು ಹಿಂದೆ ಉಳಿದುವು. ಉಪ್ಪನ್ನೂ ಧಾನ್ಯವನ್ನೂ ಎತ್ತಿನ ಮೇಲೆ ಹೇರಿ ನಾಡೆಲ್ಲ ಸುತ್ತುತ್ತಿದ್ದ ಲಂಬಾಣಿಗಳ ಕಸುಬಿಗೆ ಬಂಡಿಯೂ ರೈಲೂ ಒಂದರ ಹಿಂದೊಂದು ಕುತ್ತಾದುವು.

ಬಡಗಲಲ್ಲಿ ಧಾರವಾಡ ಸೀಮೆಯ ಹತ್ತಿಯು ಕಡಲನ್ನು ಕಾಣಲು ಹುಬ್ಬಳ್ಳಿಯಿಂದ ಶಿರಸಿಯ ಮಾರ್ಗವಾಗಿ ದೇವಿಮನೆಯ ಘಟ್ಟವನ್ನಿಳಿದು ಕುಮಟೆಗೆ ಬರುತ್ತಿದ್ದಿತು. ಬಂಡಿಗಳು ಹತ್ತಿಯ ಅಂಡಿಗೆಗಳನ್ನು ಇಳಿಸಿ, ಸಮೀಪದ ಸಾಣಿಕಟ್ಟೆಯ ಉಪ್ಪನ್ನು ಏರಿಸಿಕೊಂಡು ಹಿಂದಿರುಗುವುವು. ಹತ್ತಿ ಬೆಳೆದುದು ಬಯಲುಸೀಮೆಯಲ್ಲಿ. ಆದರೆ ಮುಂಬಯಿಯ ಪೇಟೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅದಕ್ಕೆ ‘ಕುಮಟೆಯ ಹತ್ತಿ’ ಎಂದೇ ಹೆಸರು. ಬೆಳೆದ ಹೊಲದ ಹೆಸರನ್ನು ಬಂದರು ನುಂಗಿಹಾಕಿತ್ತು.

೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿ, ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಹೋಗುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಕರಿಯ ಮಣ್ಣಿನ ಮೇಲೆ ಬಿದ್ದಿತು. ಕಾರವಾರದ ಬಂದರು ಕುಮಟೆಗಿಂತ ಆಳವಾದುದು, ಮಳೆಗಾಲದಲ್ಲಿಯೂ ಆಸರೆಯುಳ್ಳದ್ದು. ಅಲ್ಲಿಗೆ ದಾರಿಯಾದರೆ ಹತ್ತಿಯನ್ನು ನೇರವಾಗಿ ಹಡಗಿಗೆ ಏರಿಸಬಹುದೆಂದು ಅವರು ಒತ್ತಾಯಪಡಿಸಿದರು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದಕ್ಕೆ ಹತ್ತಿಯೂ ಬಂದರೂ ಮುಖ್ಯ ಕಾರಣಗಳು. ಒಂದು ದಾರಿಗಾಗಿ ಒಂದು ಜಿಲ್ಲೆಯ ಸರಕಾರವೇ ಬದಲಾಯಿತು! ಆದರೆ ಮ್ಯಾಂಚೆಸ್ಟರಿನ ಹತ್ತಿಯ ಕಂಪೆನಿಯವರ ಯಂತ್ರಗಳು ಕಾರವಾರದ ಬಳಿಯ ಸದಾಶಿವಗಡಕ್ಕೆ ಬಂದಾಗ ಘಟ್ಟದ ದಾರಿ ಇನ್ನೂ ಸಿದ್ಧವಾಗಿರಲಿಲ್ಲ. ಕಂಪೆನಿಯು ಬಹುಕಾಲ ಬಾಳಲಿಲ್ಲ. ೧೮೬೫ರಲ್ಲಿ ಯುದ್ಧವು ಮುಗಿದು ಹತ್ತಿಯ ಬೆಲೆಯೂ ಇಳಿಯಿತು. ಕಲಘಟಗಿ ಯಲ್ಲಾಪುರಗಳ ಮೇಲೆ ಅರಬೈಲು ಘಟ್ಟವನ್ನು ಇಳಿಯುವ ದಾರಿಯು ಮಾತ್ರ ಉಳಿಯಿತು. ಹತ್ತಿಗಾಗಿ ಬಯಸಿದ ಆ ದಾರಿಯಲ್ಲಿ ಮುಂದಿನ ಶತಮಾನದಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಇಳಿಯಿತು. ದಾರಿ ಕಟ್ಟುವವನ ಉದ್ದೇಶವೊಂದು, ಕಾಲದ ಉದ್ದೇಶವೊಂದು.

ಹೆದ್ದಾರಿಯು ಬಡಗು ತೆಂಕಲಿಗೆ ತಿರುಗಿದುದು

ಅಲ್ಲಿಯವರೆಗೆ ಹೆದ್ದಾರಿಯೆಂದರೆ ಬಹುಮಟ್ಟಿಗೆ ಮೂಡಲಿನಿಂದ ಪಡುವಲಿಗೆ, ಬಯಲಿನಿಂದ ಬಂದರಿಗೆ ಇಳಿಯುವ ದಾರಿ. ರೈಲು ಬಂದು ಈ ಕ್ರಮವನ್ನು ತಿರುಗಿಸಿತು. ೧೮೮೦ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ ಲೋಂಡೆಯ ಮೇಲೆ ಗೋವೆಯ ಮಾರ್ಮಗೋವೆಗೂ, ಬಡಗಲಲ್ಲಿ ಪುಣೆಯ ಕಡೆಗೂ, ತೆಂಕಲಲ್ಲಿ ಹರಿಹರದ ಮೇಲೆ ಬೆಂಗಳೂರಿಗೂ ಹಳಿಗಳಾದುವು. ಹತ್ತಿಯ ಅಂಡಿಗೆಗಳು ರೈಲು ಹತ್ತಿದುವು. ಕುಮಟೆಯ ದಂಡೆಯಲ್ಲಿ ಬಂಡಿಗಳ ಸಾಲು ತೆಳುವಾಯಿತು. ಹತ್ತಿಗೆ ಕುಮಟೆಯ ಹೆಸರು ಮಾತ್ರ ಬಹುಕಾಲ ಉಳಿಯಿತು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದಮೇಲೆ ಮಲೆನಾಡಿನ ಸರಕೂ ಘಟ್ಟ ಇಳಿಯುವುದನ್ನು ಬಿಟ್ಟು ಬಯಲಿನ ಕಡೆಗೆ ನಡೆಯತೊಡಗಿತು.

ರಸ್ತೆಯೂ ರೈಲಿನ ಜೊತೆಯಲ್ಲಿಯೇ ನಡೆಯಿತು. ೧೮೬೮ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಕಮಾನಿನ ಸೇತುವೆಯಾದುದರಿಂದ ಮುಂಬಯಿ ಆಧಿಪತ್ಯದ ರಸ್ತೆಯೂ ಮೈಸೂರು ಸಂಸ್ಥಾನದ ರಸ್ತೆಯೂ ಕೂಡಿಕೊಂಡು ಪುಣೆ ಬೆಂಗಳೂರುಗಳ ಹೆದ್ದಾರಿಯಾಯಿತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ಹರಿಹರ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳು ಈ ದಾರಿಯ ಮಣಿಗಳು. ದಾವಣಗೆರೆಯಂಥ ಪೇಟೆಗಳು ಬೆಳೆದುದು ಈ ತಿರುವಿನಿಂದ. ಬಸರೂರಿನಂಥ ಹಳೆಯ ಪಟ್ಟಣಗಳು ಸಾಮಾನ್ಯ ಊರುಗಳಾದುದೂ ಈ ತಿರುವಿನಿಂದಲೇ.

ಮೋಟಾರು ಬಂಡಿಯು ಬಂದಮೇಲೆ ರಸ್ತೆಗಳನ್ನು ದೇಶಕ್ಕೆ ಒಂದೇ ಕ್ರಮದಲ್ಲಿ ನೋಡುವ ಯೋಚನೆಯು ಹುಟ್ಟಿತು. ೧೯೪೩ರಲ್ಲಿ ನಾಗಪುರದಲ್ಲಿ ಕೂಡಿದ ಮುಖ್ಯ ಇಂಜನಿಯರುಗಳು ರಸ್ತೆಗಳನ್ನು ರಾಷ್ಟ್ರದ ಹೆದ್ದಾರಿ, ಪ್ರಾಂತದ ಹೆದ್ದಾರಿ, ಜಿಲ್ಲೆಯ ರಸ್ತೆ, ಹಳ್ಳಿಯ ರಸ್ತೆ ಎಂದು ವಿಂಗಡಿಸಿದರು. ಆದರೆ ಆಗಲೂ ಘಟ್ಟದಲ್ಲಿ ಬೇರೆಬೇರೆ ಸರಕಾರಗಳ ಗಡಿಗಳಿದ್ದುವು. ಜೋಗದ ಜಲಪಾತದ ಬಳಿ ಹೊಳೆಯ ಒಂದು ದಡದಲ್ಲಿ ಮೈಸೂರು ಬಂಗಲೆ, ಎದುರು ದಡದಲ್ಲಿ ಮುಂಬಯಿ ಬಂಗಲೆ. ನೀರು ಒಂದೇ, ದೊರೆತನ ಎರಡು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ, ಕೆಳದಿಯ ನಾಯಕರ ಕಾಲದಲ್ಲಿ ಇದ್ದಂತೆ, ಘಟ್ಟದ ತಲೆಯೂ ಕಾಲೂ ಮತ್ತೆ ಒಂದೇ ಆಡಳಿತಕ್ಕೆ ಬಂದುವು. ಒಂದೇ ರಾಜ್ಯದ ಹೆದ್ದಾರಿಯೆಂದು ಘಟ್ಟದ ದಾರಿಯನ್ನು ಕರೆಯುವಂತಾದುದು ಅಂದಿನಿಂದ.

ನೀರಿನ ಕೆಳಗಿನ ದಾರಿ

ಯುದ್ಧದಿಂದಲೂ ವ್ಯಾಪಾರದಿಂದಲೂ ದಾರಿ ಬದಲಾಗುವುದನ್ನು ಕಂಡಾಯಿತು. ವಿದ್ಯುತ್ತಿನಿಂದ ದಾರಿ ಬದಲಾದುದು ಈಚಿನ ಮಾತು. ೧೯೬೪ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಆ‌ಯಿತು. ಮುನ್ನೂರು ಚದರ ಕಿಲೋಮೀಟರಿಗೂ ಮೀರಿದ ನೆಲವು, ಸಾಗರ ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳೊಡನೆ, ನೀರಿನಲ್ಲಿ ಮುಳುಗಿತು. ಗದ್ದೆ ತೋಟಗಳೊಂದಿಗೆ ಅವುಗಳ ನಡುವಿನ ದಾರಿಗಳೂ ಮುಳುಗಿದುವು. ನಾಡಿಗೆ ದೀಪ ಹತ್ತಿತು. ದೀಪಕ್ಕಾಗಿ ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಹೋದಲ್ಲಿ ನೆಲದ ಹಕ್ಕಿಗಾಗಿ ದಶಕಗಳ ಕಾಲ ಕಾಯಬೇಕಾಯಿತು. ಇದನ್ನು ಹೇಳದೆ ಮಲೆನಾಡಿನ ದಾರಿಗಳ ಕಥೆಯು ಪೂರ್ಣವಾಗಲಾರದು.

ನೀರಿನ ಆಚೆಗೆ ಉಳಿದ ತುಮರಿಯ ಸುತ್ತಣ ಊರುಗಳವರು ನಡುಗಡ್ಡೆಯವರಂತಾದರು. ಸಾಗರಕ್ಕೆ ಬರಬೇಕಾದರೆ ಲಾಂಚೇ ಗತಿ. ರಾತ್ರಿ ಜಡ್ಡು ಬಂದವರು, ಹೆರಿಗೆಯ ಹೆಂಗಸರು, ಶಾಲೆಯ ಮಕ್ಕಳು ಲಾಂಚಿನ ಹೊತ್ತಿಗೆ ತಮ್ಮ ಬಾಳನ್ನು ಹೊಂದಿಸಿಕೊಳ್ಳಬೇಕಾಯಿತು. ಸುಮಾರು ಆರು ದಶಕಗಳ ಮೇಲೆ, ೨೦೨೫ರ ಜುಲೈ ತಿಂಗಳಲ್ಲಿ, ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸುಮಾರು ೨.೪ ಕಿಲೋಮೀಟರು ಉದ್ದದ ಸೇತುವೆಯು ತೆರೆಯಿತು. ಸಿಗಂದೂರಿನ ಯಾತ್ರಿಕರಿಗೂ ಆ ಸೀಮೆಯ ರೈತರಿಗೂ ಅದು ಹೊಸ ದಾರಿ. ಆದರೆ ಬೇಸಗೆಯಲ್ಲಿ ನೀರು ಇಳಿದಾಗ ಕಾಣುವ ಹಳೆಯ ರಸ್ತೆಯ ಮೈಯನ್ನೂ ಮರದ ಬೊಡ್ಡೆಗಳನ್ನೂ ನೋಡುವ ಹಿರಿಯರಿಗೆ, ಸೇತುವೆಯು ಮರಳಿ ಬಂದ ಹಳೆಯ ದಾರಿಯಂತೆಯೇ ತೋರಿದರೆ ಆಶ್ಚರ್ಯವಲ್ಲ.

ದಾರಿಯೂ ದಾಸೋಹವೂ

ಆರುನೂರು ವರ್ಷಗಳಿಗೂ ಮೀರಿದ ಈ ಕಥೆಯನ್ನು ಒಟ್ಟಿಗೆ ನೋಡಿದರೆ, ಭಟ್ಕಳ, ಗೇರುಸೊಪ್ಪೆ, ಇಕ್ಕೇರಿ, ಬಿದನೂರು, ಕುಮಟೆ ಎಂಬ ಐದು ಊರುಗಳೂ ತಮ್ಮ ತಮ್ಮ ಕಾಲದಲ್ಲಿ ಹೆದ್ದಾರಿಯು ತಮ್ಮದೇ ಎಂದು ನಂಬಿದ್ದುವು. ಅದು ಯಾರದೂ ಆಗಿ ಉಳಿಯಲಿಲ್ಲ. ಸಿರಿಯು ದಾರಿಯ ಮೇಲೆ ಬರುವುದು, ದಾರಿಯ ಮೇಲೆಯೇ ಹೋಗುವುದು.

ಈಗಲೂ ಅದೇ ನಡೆದಿದೆ. ಪುಣೆ ಬೆಂಗಳೂರು ಹೆದ್ದಾರಿಯು ಅಗಲವಾಗಿ, ಊರುಗಳ ಹೊರಗೆ ಸುತ್ತುದಾರಿಗಳಾಗಿ, ಹಿಂದೆ ಪೇಟೆಯ ನಡುವೆ ನಿಂತು ನೀರು ಕುಡಿದು ಹೋಗುತ್ತಿದ್ದ ಪ್ರಯಾಣಿಕನು ಊರಿನ ಹೆಸರನ್ನು ಹಲಗೆಯ ಮೇಲೆ ಓದಿ ಮುಂದುವರಿಯುವನು. ಸಾಲುಮರಗಳು ಉರುಳಿವೆ, ಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಕಟ್ಟೆಗಳೂ ಹಳೆಯ ಮೈಲುಗಲ್ಲುಗಳೂ ಮಣ್ಣಿನಲ್ಲಿ ಸೇರುತ್ತಿವೆ. ಅಂಥ ಕಲ್ಲುಗಳನ್ನು ಕಂಡವರು ಎತ್ತಿ ಊರಿನ ಗುಡಿಯ ಅಥವಾ ಮಠದ ಅಂಗಳದಲ್ಲಿ ನಿಲ್ಲಿಸಿದರೆ, ಹಳೆಯ ಬಾವಿ ಅರವಟ್ಟಿಗೆಗಳ ನೆಲೆಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟರೆ, ಅದು ಚರಿತ್ರೆಗೆ ಸಲ್ಲಿಸುವ ಸಣ್ಣ ಸೇವೆಯಲ್ಲ.

ದಾರಿಯು ಸರಿದಾಗ ಪೇಟೆಯು ಅದರ ಹಿಂದೆ ಹೋಗುವುದು ಸಹಜ. ಲಾಭವು ಇದ್ದಲ್ಲಿಗೆ ಅದು ಹೋಗಲೇಬೇಕು. ಮಠದ ಧರ್ಮವು ಬೇರೆ. ದಾರಿಹೋಕರು ಹೆಚ್ಚಿದಾಗ ದಾಸೋಹದ ಪಂಕ್ತಿಯನ್ನು ಹಿಗ್ಗಿಸುವುದೂ, ದಾರಿ ಬಿಟ್ಟುಹೋದ ಊರಿನಲ್ಲಿ ಉಳಿದವರಿಗೆ ಅನ್ನವೂ ಅಕ್ಷರವೂ ನಿಲ್ಲದಂತೆ ನೋಡಿಕೊಳ್ಳುವುದೂ ಎರಡೂ ಅದರ ಕೆಲಸ. ಬಳ್ಳಿಗಾವೆಯ ಪೇಟೆಯು ಕರಗಿ ಶತಮಾನಗಳಾದರೂ, ಅಲ್ಲಿಯ ಮಠದಲ್ಲಿ ಹಸಿದವರಿಗೆ ಅನ್ನವಿಟ್ಟರೆಂಬ ಮಾತು ಕಲ್ಲಿನ ಮೇಲೆ ಉಳಿದಿದೆ. ದಾರಿಗಳು ಬಂದುಹೋಗುವುವು, ದಾರಿಯವನಿಗೆ ನೀಡಿದ ಒಂದು ತಂಬಿಗೆ ನೀರು ನಿಲ್ಲುವುದು. ಶ್ರೀಮಠದ ಈ ಮಹೋತ್ಸವದ ಶುಭ ಸಮಯದಲ್ಲಿ ಭಕ್ತವೃಂದವು ಇದನ್ನು ನೆನೆದು, ತಮ್ಮ ಊರಿನ ದಾರಿಯು ಯಾವ ದಿಕ್ಕಿಗೆ ತಿರುಗಿದರೂ ದಾಸೋಹದ ಬಾಗಿಲು ತೆರೆದಿರುವಂತೆ ನಡೆದುಕೊಳ್ಳಲಿ.

ಸರ್ವರಿಗೂ ಮಂಗಳವಾಗಲಿ.